ಪಹಣಿ ಮೊಬೈಲಿನಲ್ಲಿದೆ, ಮೂಲ ಎಲ್ಲಿದೆ?

ಕರ್ನಾಟಕದ ‘ಭೂಮಿ’ಗೂ ಎಸ್ಟೋನಿಯಾದ ‘ಎಕ್ಸ್-ರೋಡ್’ಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಕಾಲು ಶತಮಾನ. ಅಲ್ಲಿ ಜಮೀನಿನ ಕಾಗದವೇ ಇಲ್ಲವಾಗಿದೆ. ಇಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬುಕ್ಕಾಂಬುಧಿಯ ಅಟ್ಟದ ಮೇಲಿನ ಟ್ರಂಕಿಗೆ ಇನ್ನೂ ಬೀಗವಿದೆ. ಕೊರಿಯಾದಲ್ಲಿ ಒಂದು ರಾತ್ರಿಯ ಬೆಂಕಿಗೆ ಸರ್ಕಾರದ ಕಡತಗಳೇ ಕರಗಿಹೋದವು. ದಾಖಲೆ ಕಾಯುವ ಕೆಲಸವನ್ನು ಯಾವ ದೇಶ ಹೇಗೆ ಮಾಡುತ್ತಿದೆ? ಅದರಲ್ಲಿ ನಮ್ಮ ರೈತನ ಪಾಲೇನು?

ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆಯ ವಾಸನೆ. ಆಮೇಲೆ ಪದರ ಪದರವಾಗಿ ಕಾಗದ. ಎಲ್ಲಕ್ಕಿಂತ ಮೇಲೆ ಜೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಂಪ್ಯೂಟರ್ ಪಹಣಿ. ಅದರ ಕೆಳಗೆ ಸೊಸೈಟಿಯ ಬೆಳೆ ಸಾಲದ ಪಾಸ್‌ಬುಕ್ಕು, ಕಂದಾಯ ಕಟ್ಟಿದ ರಸೀದಿಗಳ ಸುರುಳಿ. ಅದಕ್ಕೂ ಕೆಳಗೆ ಶಾಯಿ ಹರಡಿದ ಕೈಬರಹದ ಪಹಣಿ, ಅಣ್ಣತಮ್ಮಂದಿರ ಪಾಲುಪಟ್ಟಿ, ಮಡಿಕೆಯಲ್ಲಿ ಹರಿದು ಸೆಲ್ಲೋಟೇಪು ಅಂಟಿಸಿಕೊಂಡ ಸಾಗುವಳಿ ಚೀಟಿ. ತಳದಲ್ಲಿ ಛಾಪಾ ಕಾಗದದ ಕ್ರಯಪತ್ರ. ಅದರ ನೆತ್ತಿಯ ಮೇಲೆ ‘ಕಡೂರು ಡಿಸ್ಟ್ರಿಕ್ಟ್, ತರೀಕೆರೆ ತಾಲ್ಲೂಕು’.

ಬುಕ್ಕಾಂಬುಧಿಯ ಜಗುಲಿಯೊಂದರಲ್ಲಿ ಈ ಟ್ರಂಕು ಬಿಚ್ಚಿಕೊಂಡಿದ್ದು ಮುಂಗಾರಿನ ಹೊತ್ತಿಗೆ. ಬಿತ್ತನೆಗೆ ಸಾಲ ಬೇಕು, ಬೆಳೆ ವಿಮೆಗೆ ನೋಂದಣಿ ಆಗಬೇಕು. ಎರಡಕ್ಕೂ ಪಹಣಿ ಬೇಕು. ಮೊಮ್ಮಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಒಂದೊಂದಾಗಿ ಒತ್ತಿ ಮೊಬೈಲನ್ನು ಮುಂದೆ ಹಿಡಿದ.

“ಅಜ್ಜಾ, ನೋಡು, ಬಂತು. ಈ ಟ್ರಂಕು ಇನ್ನ್ಯಾಕೆ?”

“ಅದ್ರಾಗೆ ಯಾರ ಹೆಸರೈತೆ ಓದು.”

ಕಾಲಂ 9ರಲ್ಲಿ ಇದ್ದದ್ದು ಅಜ್ಜನ ಅಪ್ಪನ ಹೆಸರು. ಅವರು ತೀರಿಕೊಂಡು ಎಷ್ಟೋ ಮಳೆಗಾಲ ಕಳೆದಿವೆ.

“ಅದು ನಮ್ ಹೆಸರಿಗೆ ಬರ್ಬೇಕು ಅಂದ್ರೆ ಮೂಲ ಕೇಳ್ತಾರೆ ಕಣೋ. ಮೂಲ ಇರೋದು ಇಲ್ಲಿ.”

ಇಂಥ ಟ್ರಂಕು ಈ ಸೀಮೆಯ ಮನೆಮನೆಯಲ್ಲೂ ಉಂಟು. ಈರುಳ್ಳಿಯೂ ತೆಂಗು-ಅಡಿಕೆಯೂ ಬೆಳೆಯುವ ಅಜ್ಜಂಪುರ ಸುತ್ತಿನಲ್ಲಿ ಜಮೀನಿಗೆ ಈಗ ಮೊದಲಿಗಿಂತ ಬೆಲೆ ಹೆಚ್ಚು. ಭದ್ರಾ ಮೇಲ್ದಂಡೆ ಯೋಜನೆಯ ಹೆಚ್ಚುಕಡಿಮೆ ಏಳು ಕಿಲೋಮೀಟರ್ ಸುರಂಗ ಅಜ್ಜಂಪುರದ ನೆಲದಡಿಯಲ್ಲೇ ಹಾದುಹೋಗಿದೆ. ನಾಲೆಗೆ ಜಮೀನು ಬಿಟ್ಟುಕೊಟ್ಟವನಿಗೆ ಪರಿಹಾರದ ಚೆಕ್ಕು ಬರಬೇಕಾದರೂ ಮೊದಲು ನೋಡುವುದು ಕಾಲಂ 9ನ್ನೇ. ಸತ್ತವರ ಹೆಸರಿಗೆ ಚೆಕ್ಕು ಬರೆಯುವುದಿಲ್ಲ.

ಮದ್ದೂರಿನಿಂದ ಹೊರಟ ಪಹಣಿ

ಶಾನುಭೋಗರ ಕಾಲ ಮುಗಿದದ್ದು ಕಾಗದದ ಮೇಲೆ. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ವಂಶಪಾರಂಪರ್ಯದ ಶಾನುಭೋಗ ಹೋಗಿ ಸಂಬಳದ ಗ್ರಾಮ ಲೆಕ್ಕಿಗ ಬಂದ. ಆದರೆ ಪಹಣಿ ಪುಸ್ತಕ ಮಾತ್ರ ಒಬ್ಬನ ಕಂಕುಳಲ್ಲೇ ಉಳಿಯಿತು. ಪಹಣಿ ಬೇಕಾದರೆ ಅವನ ಮನೆ ಬಾಗಿಲು ಕಾಯಬೇಕು. ಅವನು ಊರಲ್ಲಿಲ್ಲದಿದ್ದರೆ ಪಹಣಿಯೂ ಇಲ್ಲ.

ಈ ಪುಸ್ತಕವನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯತ್ನ ಕರ್ನಾಟಕದಲ್ಲಿ ನಡೆದದ್ದು 1991ರಲ್ಲಿ, ಗುಲ್ಬರ್ಗದಲ್ಲಿ. ಅದು ಕೈಕೊಟ್ಟಿತು. ಕಾರಣ ಸರಳ: ಕಂಪ್ಯೂಟರಿನಲ್ಲಿ ಒಂದು, ಲೆಕ್ಕಿಗನ ಪುಸ್ತಕದಲ್ಲಿ ಇನ್ನೊಂದು. ದಿನದಿನದ ಬದಲಾವಣೆ ಬರೆದುಕೊಳ್ಳುತ್ತಿದ್ದದ್ದು ಪುಸ್ತಕ; ಕಂಪ್ಯೂಟರು ಹೋದ ವರ್ಷದ ಸುದ್ದಿ ಹೇಳುತ್ತಾ ಕೂತಿತ್ತು.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬಂದ ‘ಭೂಮಿ’ ಯೋಜನೆ ಆ ಪಾಠ ಕಲಿತಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಬೆನ್ನೆಲುಬು. ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪರೀಕ್ಷೆ ನಡೆಸಿ, ಆಗಿದ್ದ 177 ತಾಲ್ಲೂಕುಗಳಿಗೆ ಹರಡಿದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಬೆರಳಚ್ಚಿಸಿದ್ದಾಯಿತು. ಆಮೇಲೆ ಬಂತು ನಿಜವಾದ ಹೊಡೆತ: ಒಂದು ತಾಲ್ಲೂಕಿನಲ್ಲಿ ಗಣಕೀಕರಣ ಮುಗಿದರೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ. ಹಳೆಯ ದಾರಿ ಮುಚ್ಚಿದ್ದರಿಂದಲೇ ಹೊಸ ದಾರಿಯಲ್ಲಿ ಜನ ನಡೆದರು.

ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಕೈಗೆತ್ತಿಕೊಳ್ಳಬೇಕು. ನಡುವೆ ಯಾರನ್ನೂ ತೂರಿಸುವಂತಿಲ್ಲ. ಕಂಪ್ಯೂಟರಿನಲ್ಲಿ ತಿದ್ದುವ ನೌಕರ ಬೆರಳಿನ ಗುರುತು ಒತ್ತಿಯೇ ಒಳಹೋಗಬೇಕು. ‘ನಾನಲ್ಲ’ ಎನ್ನುವ ದಾರಿ ಇಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ವರದಿ ಮಾಡಿದಂತೆ, ಹಳೆಯ ವ್ಯವಸ್ಥೆಯಲ್ಲಿ ಲಂಚ ಕೊಟ್ಟೆವು ಎಂದವರು ನೂರಕ್ಕೆ 66 ಮಂದಿ. ಭೂಮಿ ಕಿಟಕಿಯಲ್ಲಿ ನೂರಕ್ಕೆ 3.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಪ್ರಬಂಧದ ತಕರಾರು ಬೇರೆಯೇ: ಊರಿನಲ್ಲಿದ್ದ ಮಾಹಿತಿ ತಾಲ್ಲೂಕಿಗೆ, ರಾಜಧಾನಿಗೆ ಹೋದಂತೆ ಬೆಂಗಳೂರು ಸುತ್ತಿನಲ್ಲಿ ದೊಡ್ಡ ಕುಳಗಳಿಗೆ ಜಮೀನು ಹುಡುಕುವುದು ಸಲೀಸಾಯಿತು, ಸಣ್ಣವನಿಗೆ ಅಲ್ಲ ಎಂದು. ಎರಡೂ ವರದಿ ಒಟ್ಟಿಗೆ ಓದಿದರೆ ಒಂದಕ್ಕೊಂದು ಸುಳ್ಳಾಗುವುದಿಲ್ಲ. ಕಿಟಕಿಯ ಲಂಚ ಕಡಿಮೆಯಾಗಿದ್ದೂ ನಿಜ, ದಲ್ಲಾಳಿಯ ಕಣ್ಣಿಗೆ ಜಮೀನು ಬಿದ್ದದ್ದೂ ನಿಜ.

> ಪಹಣಿಯ ಒಳಗೆ
> ಕಾಲಂ 3: ವಿಸ್ತೀರ್ಣ, ಎಕರೆ-ಗುಂಟೆಯಲ್ಲಿ.
> ಕಾಲಂ 9: ಮಾಲೀಕರ ಹೆಸರು, ಅವರವರ ಪಾಲು. ಇಲ್ಲಿನ ಪಾಲುಗಳನ್ನು ಕೂಡಿದರೆ ಕಾಲಂ 3ರ ಲೆಕ್ಕ ಬರಬೇಕು. ಎಷ್ಟೋ ಕಡೆ ಬರುವುದಿಲ್ಲ.
> ಕಾಲಂ 10: ಜಮೀನು ಹೇಗೆ ಬಂತು. ಕ್ರಯವೋ, ಪೌತಿಯೋ, ವಿಭಾಗವೋ. ಮ್ಯುಟೇಶನ್ ನಂಬರಿನ ಸಮೇತ.
> ಕಾಲಂ 11: ಸಾಲ, ಋಣ, ಇತರ ಹಕ್ಕುಗಳು.
> ಕಾಲಂ 12: ಯಾರು ಉಳುತ್ತಿದ್ದಾರೆ, ಯಾವ ಬೆಳೆ.

ಈ ಪಟ್ಟಿಯಲ್ಲಿ ನನ್ನ ಕಣ್ಣು ಸದಾ ನಿಲ್ಲುವುದು ಕಾಲಂ 10ರಲ್ಲಿ. ಅಲ್ಲಿ ಇರುವುದು ಒಂದು ಎಂ.ಆರ್. (ಮ್ಯುಟೇಶನ್) ನಂಬರು, ಒಂದು ವರ್ಷ. ಅಷ್ಟೇ. ಆ ನಂಬರಿನ ಬೆನ್ನು ಹತ್ತಿದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ ಸೇರುತ್ತೇವೆ. ಕೆಂಪು ಬಟ್ಟೆಯ ಗಂಟು, ಅದರೊಳಗೆ ಅರ್ಜಿ, ಹೇಳಿಕೆ, ಮಹಜರು, ಆದೇಶ. ಪಹಣಿಯ ಒಂದು ಸಾಲಿಗೆ ಜೀವ ಕೊಡುವುದು ಆ ಗಂಟು. ‘ಭೂಮಿ’ ಗಣಕೀಕರಿಸಿದ್ದು ಸಾಲನ್ನು. ಗಂಟು ಕಪಾಟಿನಲ್ಲೇ ಉಳಿಯಿತು, ಇಲಿಗೂ ಗೆದ್ದಲಿಗೂ ಸೋರುವ ಸೂರಿಗೂ ಬಿಟ್ಟು.

ಅಲ್ಲಿಂದ ಕಡತ ಸಿಗದಿದ್ದರೆ ರೈತನ ಕೈಗೆ ಬರುವುದು ಒಂದು ಹಿಂಬರಹ: ‘ಕೋರಿದ ಕಡತ ಲಭ್ಯವಿರುವುದಿಲ್ಲ’. ಕಂದಾಯ ಇಲಾಖೆಯ ಕನ್ನಡದಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ಅನಾಹುತ ಮಾಡುವ ವಾಕ್ಯ ಇನ್ನೊಂದಿಲ್ಲ.

ಅದೇ ವರ್ಷ, ಬಾಲ್ಟಿಕ್ ಕಡಲ ದಂಡೆಯಲ್ಲಿ

2001ರಲ್ಲಿ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕಿಟಕಿಗಳು ತೆರೆಯುತ್ತಿದ್ದಾಗ ಎಸ್ಟೋನಿಯಾ ಎಂಬ ಪುಟ್ಟ ದೇಶ ‘ಎಕ್ಸ್-ರೋಡ್’ ಶುರುಮಾಡಿತು. ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾಗಿ ಹತ್ತು ವರ್ಷ. ಕೈಯಲ್ಲಿ ಕಾಸಿಲ್ಲ. ಒಂದು ದೊಡ್ಡ ಕಂಪ್ಯೂಟರು ತಂದು ಎಲ್ಲವನ್ನೂ ಅದರೊಳಗೆ ತುಂಬುವ ಬದಲು, ಯಾವ ಇಲಾಖೆಯ ದಾಖಲೆ ಆ ಇಲಾಖೆಯಲ್ಲೇ ಇರಲಿ, ಕೇಳಿದಾಗ ಕೊಡುವ ಭದ್ರವಾದ ದಾರಿ ಒಂದಿರಲಿ ಎಂದು ತೀರ್ಮಾನಿಸಿದರು. ಆ ದಾರಿಯೇ ಎಕ್ಸ್-ರೋಡ್.

ಅಲ್ಲಿನ ಕಾನೂನಿನ ಒಂದು ಷರತ್ತು ನಮ್ಮವರು ಕೇಳಿದರೆ ನಕ್ಕಾರು: ಒಂದೇ ಮಾಹಿತಿಗೆ ಎರಡು ಪ್ರತ್ಯೇಕ ದತ್ತಾಂಶ ಕೋಶ ಕಟ್ಟುವಂತಿಲ್ಲ. ಸರ್ಕಾರದ ಬಳಿ ಒಮ್ಮೆ ಕೊಟ್ಟದ್ದನ್ನು ಇನ್ನೊಂದು ಇಲಾಖೆ ಮತ್ತೆ ಪ್ರಜೆಯನ್ನು ಕೇಳುವಂತಿಲ್ಲ. ಐದು ಕಚೇರಿಗೆ ಐದು ಸಲ ಆಧಾರ್ ಜೆರಾಕ್ಸ್ ಕೊಟ್ಟು ಅಭ್ಯಾಸವಾದ ನಮಗೆ ಇದು ಬೇರೆ ಗ್ರಹದ ಸುದ್ದಿ.

ಹೋಲಿಸಿ ನೋಡಲು ಬುಕ್ಕಾಂಬುಧಿಯಿಂದ ದೂರ ಹೋಗಬೇಕಿಲ್ಲ. ಅಜ್ಜಂಪುರ, ಬೀರೂರು, ಕಡೂರು ಸೀಮೆಯ ಅಮೃತಮಹಲ್ ಕಾವಲುಗಳನ್ನೇ ತೆಗೆದುಕೊಳ್ಳಿ. ಮೈಸೂರು ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳು ಇವು. ಅಮೃತಮಹಲ್ ಎಂಬ ಹೆಸರು ಟಿಪ್ಪು ಕಾಲದ್ದು. ಈ ಬಗೆಯ ನೆಲವನ್ನು ಪಶುಸಂಗೋಪನೆಯವರು ಕಾವಲು ಎನ್ನುತ್ತಾರೆ. ಕಂದಾಯದವರ ಪುಸ್ತಕದಲ್ಲಿ ಅದಕ್ಕೆ ಬೇರೆ ತಲೆಬರಹ, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಮತ್ತೊಂದು ಬಣ್ಣ. ಮೂರು ಇಲಾಖೆ, ಮೂರು ಸತ್ಯ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅರಣ್ಯ-ಕಂದಾಯ ಜಂಟಿ ಸರ್ವೆಯ ಮಾತು ಬಂದಾಗಲೆಲ್ಲ ರೈತರ ಎದೆ ಢವಗುಟ್ಟುವುದು ಇದಕ್ಕೇ. ಸಾಗುವಳಿ ಚೀಟಿ ಕೊಟ್ಟದ್ದೂ ಸರ್ಕಾರ, ಅದು ಕಾಡು ಎಂದು ನೋಟಿಸು ಕೊಡುವುದೂ ಸರ್ಕಾರ.

ಎಸ್ಟೋನಿಯಾದ ಇನ್ನೊಂದು ಪದ್ಧತಿ ನನಗೆ ಇದಕ್ಕಿಂತ ದೊಡ್ಡದು ಎನಿಸುತ್ತದೆ. ಅಲ್ಲಿನ ಪ್ರಜೆ ತನ್ನ ಖಾತೆಗೆ ಹೋದರೆ, ತನ್ನ ದಾಖಲೆಯನ್ನು ಯಾವ ಕಚೇರಿ, ಯಾವತ್ತು ತೆಗೆದು ನೋಡಿತು ಎಂಬ ಪಟ್ಟಿ ಸಿಗುತ್ತದೆ. ಕೆಲಸವಿಲ್ಲದೆ ಇಣುಕಿದ ಅಧಿಕಾರಿಗೆ ದಂಡವಿದೆ. ನಮ್ಮಲ್ಲಿ ತಿದ್ದಿದವನ ಬೆರಳ ಗುರುತು ಕಚೇರಿಯ ಒಳಗೆ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ರೈತನಿಗೆ ಅದು ಕಾಣುವುದಿಲ್ಲ. ತನ್ನ ಸರ್ವೆ ನಂಬರಿನ ಪಹಣಿಯನ್ನು ಬೆಂಗಳೂರಿನಲ್ಲಿ ಕೂತು ಯಾರು ನೋಡಿದರು ಎಂಬುದೂ ಅವನಿಗೆ ಗೊತ್ತಾಗುವುದಿಲ್ಲ.

ಒಂದು ಮಾತು ಮರೆಯಬಾರದು. ಎಸ್ಟೋನಿಯಾದ ಜನಸಂಖ್ಯೆ ಸುಮಾರು 13.7 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ 11.38 ಲಕ್ಷ. ಒಂದು ಜಿಲ್ಲೆಯಷ್ಟು ಜನಕ್ಕೆ ಒಂದು ಸರ್ಕಾರ, ಒಂದು ಭಾಷೆಯ ಲಿಪಿ, ಒಂದು ಕಾನೂನು. ‘ಅವರು ಮಾಡಿದ್ದಾರೆ, ನಮಗೇಕೆ ಆಗದು’ ಎನ್ನುವ ಭಾಷಣಕಾರರು ಈ ಲೆಕ್ಕ ಹೇಳುವುದಿಲ್ಲ.

ಅವರಿಗೂ ಪೆಟ್ಟು ಬಿದ್ದಿದೆ. 2007ರ ವಸಂತದಲ್ಲಿ ರಾಜಧಾನಿ ಟಾಲಿನ್‌ನಲ್ಲಿ ಸೋವಿಯತ್ ಯೋಧನ ಕಂಚಿನ ಪ್ರತಿಮೆಯನ್ನು ಸ್ಥಳಾಂತರಿಸಿದ ಗಲಾಟೆಯ ಬೆನ್ನಿಗೇ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳ ಮೇಲೆ ಸೈಬರ್ ದಾಳಿ ನಡೆಯಿತು. 2017ರಲ್ಲಿ ಗುರುತಿನ ಚೀಟಿಯ ಚಿಪ್ಪಿನಲ್ಲೇ ದೋಷ ಕಂಡು ಸುಮಾರು ಏಳೂವರೆ ಲಕ್ಷ ಕಾರ್ಡುಗಳ ಡಿಜಿಟಲ್ ಸಹಿಯನ್ನು ತಡೆಹಿಡಿಯಬೇಕಾಯಿತು. 2007ರ ಪೆಟ್ಟು ತಿಂದ ಮೇಲೆ ಅವರು ಮಾಡಿದ ಕೆಲಸ ವಿಚಿತ್ರವಾಗಿದೆ: ಲಕ್ಸೆಂಬರ್ಗ್ ದೇಶದೊಡನೆ 2017ರಲ್ಲಿ ಒಪ್ಪಂದ ಮಾಡಿಕೊಂಡು ಅಲ್ಲಿ ಒಂದು ‘ದತ್ತಾಂಶ ರಾಯಭಾರ ಕಚೇರಿ’ ತೆರೆದರು. ರಾಯಭಾರಿ ಇಲ್ಲ, ಸರ್ವರುಗಳಷ್ಟೇ. ನೆಲ ಲಕ್ಸೆಂಬರ್ಗಿನದು, ಅಧಿಕಾರ ಎಸ್ಟೋನಿಯಾದ್ದು. ಅಲ್ಲಿ ಕಾಪಿಟ್ಟ ಮುಖ್ಯ ದಾಖಲೆಗಳಲ್ಲಿ ಜಮೀನಿನ ನೋಂದಣಿ ಪುಸ್ತಕವೂ ಒಂದು. ದೇಶವನ್ನೇ ಯಾರಾದರೂ ಆಕ್ರಮಿಸಿಕೊಂಡರೂ ಯಾವ ಹೊಲ ಯಾರದು ಎಂಬುದು ಉಳಿಯಬೇಕು ಎಂಬ ಲೆಕ್ಕ.

ಅದು ಅತಿಯಾಯಿತು ಎನಿಸಿದವರಿಗೆ ಉಕ್ರೇನ್ ಉತ್ತರ ಕೊಟ್ಟಿತು. ಸರ್ಕಾರಿ ದತ್ತಾಂಶ ದೇಶದ ಗಡಿಯೊಳಗೇ ಇರಬೇಕು ಎಂಬ ತನ್ನ ನಿಯಮವನ್ನು ಅದು ಸಡಿಲಿಸಿದ್ದು 2022ರ ಫೆಬ್ರವರಿಯಲ್ಲಿ, ರಷ್ಯಾದ ಪಡೆಗಳು ನುಗ್ಗುವ ಕೆಲವೇ ದಿನ ಮುಂಚೆ.

ಡೇಜಾನ್‌ನ ಬೆಂಕಿ

ಡಿಜಿಟಲ್ ಆಡಳಿತದ ವಿಶ್ವಸಂಸ್ಥೆಯ 2024ರ ಪಟ್ಟಿಯಲ್ಲಿ ದಕ್ಷಿಣ ಕೊರಿಯಾ ಜಗತ್ತಿಗೇ ನಾಲ್ಕನೆಯದು. ಮುಂದಿದ್ದವು ಡೆನ್ಮಾರ್ಕ್, ಎಸ್ಟೋನಿಯಾ, ಸಿಂಗಪುರ ಮಾತ್ರ. ಮರುವರ್ಷ, 2025ರ ಸೆಪ್ಟೆಂಬರ್ 26ರ ರಾತ್ರಿ, ಡೇಜಾನ್ ನಗರದಲ್ಲಿರುವ ರಾಷ್ಟ್ರೀಯ ದತ್ತಾಂಶ ಕೇಂದ್ರದ ಐದನೆಯ ಮಹಡಿಯಲ್ಲಿ ಬೆಂಕಿ ಹೊತ್ತಿತು. ಕರೆಂಟು ಹೋದಾಗ ಸರ್ವರುಗಳನ್ನು ಕಾಯಲೆಂದು ಇಟ್ಟಿದ್ದ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆಯುತ್ತಿತ್ತು. ಕಾಯಬೇಕಾದದ್ದೇ ಸುಟ್ಟಿತು.

ಬೆಂಕಿ ಪೂರ್ತಿ ಆರಲು ಮರುದಿನ ಸಂಜೆಯಾಯಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಒಟ್ಟಿಗೆ ನಿಂತವು. ಅಂಚೆ ಬ್ಯಾಂಕು, ಮೊಬೈಲ್ ಗುರುತಿನ ಚೀಟಿ, ಅರ್ಜಿ ಹಾಕುವ ಜಾಲತಾಣ, ಎಲ್ಲವೂ. ಅದೂ ಚುಸೊಕ್ ಸುಗ್ಗಿ ಹಬ್ಬಕ್ಕೆ ಊರಿಗೆ ಹೊರಡುವ ಗದ್ದಲದ ದಿನಗಳಲ್ಲಿ.

ಇವೆಲ್ಲ ದಿನ, ವಾರ, ತಿಂಗಳುಗಳಲ್ಲಿ ಒಂದೊಂದಾಗಿ ಎದ್ದು ನಿಂತವು. ಏಳದೇ ಹೋದದ್ದು ಒಂದೇ: ‘ಜಿ-ಡ್ರೈವ್’. ಸರ್ಕಾರಿ ನೌಕರರು ಕಚೇರಿಯ ಕೆಲಸದ ಕಡತಗಳನ್ನು ಇಡುತ್ತಿದ್ದ ಸಾಮೂಹಿಕ ಉಗ್ರಾಣ ಅದು. ತಲಾ 30 ಗಿಗಾಬೈಟ್ ಜಾಗ. ಕೆಲವು ಇಲಾಖೆಗಳಲ್ಲಿ ಕಡತವನ್ನು ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಡಿ, ಇಲ್ಲೇ ಇಡಿ ಎಂಬ ತಾಕೀತು ಇತ್ತು. ಬಳಸುತ್ತಿದ್ದವರು ಸುಮಾರು 1.25 ಲಕ್ಷ ಮಂದಿ. ಒಳಗಿದ್ದದ್ದು 858 ಟೆರಾಬೈಟ್. ಅಷ್ಟು ದೊಡ್ಡದಕ್ಕೆ ಇನ್ನೊಂದು ಪ್ರತಿ ಇಡುವುದು ಆಗದು ಎಂದು ಬಿಟ್ಟಿದ್ದರು.

ತಾಕೀತು ಪಾಲಿಸಿದ ಶಿಸ್ತಿನ ನೌಕರನ ಕಡತ ಬೂದಿ. ತಾಕೀತು ಮೀರಿ ತನ್ನ ಮೇಜಿನ ಕಂಪ್ಯೂಟರಿನಲ್ಲಿ ಕದ್ದು ಒಂದು ಪ್ರತಿ ಇಟ್ಟುಕೊಂಡಿದ್ದವನ ಕಡತ ಕ್ಷೇಮ. ಬುಕ್ಕಾಂಬುಧಿಯ ಅಜ್ಜನಿಗೆ ಈ ಕಥೆ ಹೇಳಿದರೆ ಅವರು ಮೀಸೆಯಡಿ ನಗುವುದು ಖಂಡಿತ.

ಕಾಗದಕ್ಕೂ ಬೆಂಕಿ ಬೀಳುತ್ತದೆ, ಇಲ್ಲವೆಂದಲ್ಲ. ಭೋಪಾಲದ ಸಾತ್ಪುಡಾ ಭವನ 2023ರ ಜೂನ್‌ನಲ್ಲಿ ಉರಿದಾಗ ಸಾವಿರಾರು ಕಡತ ಹೋದವು. ಮನೆಯ ಹತ್ತಿರ ಹೇಳುವುದಾದರೆ, ನಮ್ಮ ನೋಂದಣಿ ಇಲಾಖೆಯ ‘ಕಾವೇರಿ 2.0’ 2025ರ ಆರಂಭದಲ್ಲಿ ಸೈಬರ್ ದಾಳಿಗೆ ಸಿಕ್ಕಿ ತಿಣುಕಿತು. ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಹೂವಿನ ಹಾರ, ಸಿಹಿ ಡಬ್ಬ ಹಿಡಿದು ಬಂದವರು ಸಾಕ್ಷಿದಾರರ ಸಮೇತ ವಾಪಸು ಹೋದರು. ಪೂರ್ತಿ ನಷ್ಟವೇನೂ ಆಗಲಿಲ್ಲ. ಆದರೆ ಇಡೀ ರಾಜ್ಯದ ಕ್ರಯಪತ್ರಗಳು ಒಂದೇ ಬಾಗಿಲಿನಿಂದ ಹೋಗುತ್ತವೆ ಎಂಬುದು ಅವತ್ತು ಎಲ್ಲರಿಗೂ ಮನದಟ್ಟಾಯಿತು.

> ಕಲ್ಲು, ಬಟ್ಟೆ, ಡಿಸ್ಕು
> ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯ ಕಟ್ಟಿದ್ದು 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕ. ಅಲ್ಲಿನ ಶಾಸನ ರಚಿಸಿದವನು ಕವಿ ಜನ್ನ. ಇಂದಿಗೂ ಬರಿಗಣ್ಣಿಗೆ ಓದಸಿಗುತ್ತದೆ.
> ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದದ್ದು ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವಿದೆ. ಮಠಕ್ಕೆ ಟಿಪ್ಪು ಸುಲ್ತಾನ ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್.
> ಇಂಗ್ಲೆಂಡಿನ ‘ಡೂಮ್ಸ್‌ಡೇ’ ಭೂದಾಖಲೆ 1086ರದು. ಚರ್ಮದ ಹಾಳೆ, ಈಗಲೂ ಓದಬಹುದು. ಅದರ 900ನೇ ವರ್ಷಕ್ಕೆ ಬಿಬಿಸಿ 1986ರಲ್ಲಿ ಲೇಸರ್ ಡಿಸ್ಕಿನಲ್ಲಿ ಹೊಸ ಡೂಮ್ಸ್‌ಡೇ ತಯಾರಿಸಿತು. ಹದಿನೈದೇ ವರ್ಷದಲ್ಲಿ ಆ ಡಿಸ್ಕು ಓದುವ ಯಂತ್ರ ಸಿಗದೆ ಸಂಶೋಧಕರು ಪಡಿಪಾಟಲು ಪಟ್ಟರು.

ತಪ್ಪು ಯಾರ ತಲೆಗೆ?

ಜಮೀನಿನ ದಾಖಲೆಯಲ್ಲಿ ತಪ್ಪಿದ್ದರೆ ಅದನ್ನು ಹೊರುವವರು ಯಾರು? ಮೊಬೈಲ್ ಆ್ಯಪು, ಸರ್ವರು, ಬ್ಲಾಕ್‌ಚೈನು ಎಂದು ಮಾತಾಡುವ ಮೊದಲು ಕೇಳಬೇಕಾದದ್ದು ಇದನ್ನು.

ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲೇ ಇದಕ್ಕೆ ಉತ್ತರ ಕೊಟ್ಟ. ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ; ಪುಸ್ತಕ ತಪ್ಪಾಗಿ ಯಾರಿಗಾದರೂ ನಷ್ಟವಾದರೆ ಸರ್ಕಾರವೇ ತುಂಬಿಕೊಡುತ್ತದೆ. ಇಂಗ್ಲೆಂಡಿನ ಭೂ ನೋಂದಣಿ ಇಲಾಖೆಯೂ ತನ್ನ ತಪ್ಪಿಗೆ ಪರಿಹಾರ ಕೊಡುತ್ತದೆ. ಆ ಇಲಾಖೆ ಹುಟ್ಟಿದ್ದು 1862ರಲ್ಲಿ. ಇನ್ನೂ ಅಲ್ಲಿನ ಎಲ್ಲ ಭೂಮಿಯ ನೋಂದಣಿ ಮುಗಿದಿಲ್ಲ! ನಮ್ಮ ಸರ್ವೆಯರ್ ತಡಮಾಡಿದನೆಂದು ಬೈಯುವವರಿಗೆ ಇದೊಂದು ಸಮಾಧಾನ.

ನಮ್ಮ 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು ಹೇಳುವುದು ಬೇರೆ: ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜ. ಅಂದರೆ ಸಾಬೀತು ಮಾಡುವ ಹೊರೆ ರೈತನ ಹೆಗಲಿಗೆ. ಬೆರಳಚ್ಚಿಸುವಾಗ ‘ಬಿನ್’ ಮುಂದಿನ ಹೆಸರು ತಪ್ಪಿದರೂ, ಎರಡು ಎಕರೆ ಎರಡು ಗುಂಟೆಯಾದರೂ, ಅರ್ಜಿ ಹಿಡಿದು ಓಡಾಡಬೇಕಾದವನು ಅವನೇ. ಆಗ ಬೇಕಾಗುವುದು ಯಾವುದು? ಮತ್ತೆ ಅದೇ ಮೂಲ ಕಡತ.

ಹೊರೆಯನ್ನು ಪ್ರಜೆಯ ಮೇಲೆ ಹೊರಿಸಿ, ಮೂಲವನ್ನು ಸರ್ಕಾರವೇ ಕಳೆದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ‘ವಿಂಡ್‌ರಶ್’ ಹಗರಣ ಸಾಕ್ಷಿ. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬಂದವರು ಕಾನೂನುಬದ್ಧವಾಗಿಯೇ ಅಲ್ಲಿ ನೆಲೆಸಿದ್ದರು. ಅವರು ಬಂದಿಳಿದ ದಿನದ ಚೀಟಿಗಳನ್ನು ಗೃಹ ಇಲಾಖೆ 2010ರಲ್ಲಿ ನಾಶಮಾಡಿತು. ಮುಂದೆ ಕಾನೂನು ಬಿಗಿಯಾಯಿತು. ‘ಬಂದದ್ದು ಯಾವಾಗ, ತೋರಿಸಿ’ ಎಂದು ಕೇಳಿದ್ದೂ ಅದೇ ಇಲಾಖೆ. ಮುದುಕರು ಕೆಲಸ ಕಳೆದುಕೊಂಡರು, ಕೆಲವರಿಗೆ ಚಿಕಿತ್ಸೆ ಸಿಗಲಿಲ್ಲ, ಕೆಲವರನ್ನು ದೇಶದಿಂದಲೇ ಅಟ್ಟಿದರು. 2018ರಲ್ಲಿ ಸರ್ಕಾರ ಕ್ಷಮೆ ಕೇಳಿತು. ಅಲ್ಲಿ ಕಂಪ್ಯೂಟರುಗಳಿಗೇನೂ ಬರ ಇರಲಿಲ್ಲ.

ಆಫ್ರಿಕಾದ ರುವಾಂಡದ್ದು ಇನ್ನೊಂದು ಬಗೆ. ಅಲ್ಲಿ ಹಳೆಯ ಪುಸ್ತಕವನ್ನು ನಕಲು ಮಾಡುವ ಗೋಜಿಗೇ ಹೋಗಲಿಲ್ಲ. ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು, ವಿಮಾನದಿಂದ ತೆಗೆದ ಚಿತ್ರದ ಹಾಳೆ ಹಿಡಿಸಿ ಹೊಲಕ್ಕೆ ಕಳಿಸಿದರು. ಈ ಬದುವಿನವನೂ ಆ ಬದುವಿನವನೂ ಎದುರುಬದುರು ನಿಂತು ‘ಇದೇ ಗಡಿ’ ಎಂದ ಮೇಲೆ ಗೆರೆ. 2009ರಿಂದ 2013ರೊಳಗೆ ಒಂದು ಕೋಟಿಗೂ ಹೆಚ್ಚು ತುಂಡುಗಳನ್ನು ಹೀಗೆ ಅಳೆದರು. ಗಂಡ ಹೆಂಡತಿ ಇಬ್ಬರ ಹೆಸರೂ ಪತ್ರದಲ್ಲಿ. 2023ರಿಂದ ಕಾಗದದ ಪತ್ರವೂ ಇಲ್ಲ.

ಅಲ್ಲಿ ಎಡವಿದ್ದು ಎಲ್ಲಿ ಗೊತ್ತೇ? ಆಮೇಲಿನ ಬದಲಾವಣೆಯಲ್ಲಿ. ಜಮೀನು ತುಂಡಾಯಿತು, ಅಪ್ಪ ಸತ್ತ, ಮಗ ಉತ್ತ. ನೋಂದಣಿ ಶುಲ್ಕ ಬಡವನಿಗೆ ಭಾರವಾಗಿ ಎಷ್ಟೋ ಜನ ಬಾಯಿಮಾತಿನಲ್ಲೇ ಮುಗಿಸಿಕೊಂಡರು. ಪುಸ್ತಕ ಒಂದು ಹೇಳಿದರೆ ಹೊಲ ಇನ್ನೊಂದು ಹೇಳತೊಡಗಿತು. ರುವಾಂಡದ ರಾಜಧಾನಿ ಕಿಗಾಲಿಗೂ ಕಡೂರಿಗೂ ಇಲ್ಲಿ ವ್ಯತ್ಯಾಸವಿಲ್ಲ.

ಪೌತಿಯ ಗಂಟು

ಕರ್ನಾಟಕದಲ್ಲಿ ಸತ್ತವರ ಹೆಸರಿನಲ್ಲೇ ಉಳಿದ ಖಾತೆಗಳು ಲಕ್ಷಗಟ್ಟಲೆ. ಅವನ್ನು ವಾರಸುದಾರರ ಹೆಸರಿಗೆ ಮಾಡಲು ಕಂದಾಯ ಇಲಾಖೆ ಇ-ಪೌತಿ ಆಂದೋಲನ ಹೂಡಿದೆ. ಗ್ರಾಮ ಆಡಳಿತ ಅಧಿಕಾರಿಯೇ ಮನೆಗೆ ಬಂದು, ವಾರಸುದಾರರ ಒಪ್ಪಿಗೆಯನ್ನು ಆಧಾರ್ ಮೂಲಕ ಪಡೆದು, ಅರ್ಜಿ ಹಾಕಿಸುತ್ತಾರೆ. ಒಳ್ಳೆಯ ಕೆಲಸ. ತೊಡಕಿರುವುದು ಯಂತ್ರದಲ್ಲಲ್ಲ. ಮುತ್ತಜ್ಜನ ಮರಣ ಪತ್ರ ಯಾರ ಬಳಿಯೂ ಇಲ್ಲ. ಅದನ್ನು ಈಗ ಮಾಡಿಸಲು ದಂಡಾಧಿಕಾರಿಯ ಆದೇಶ ತರಬೇಕು. ವಂಶವೃಕ್ಷ ಬರೆಸಲು ಕೂತರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಕು; ಆ ಸಹಿ ಕೇಳಲು ಅಣ್ಣಂದಿರಿಗೆ ಬಾಯಿ ಬರದು. ಖಾತೆ ಹಾಗೇ ಉಳಿದಿರುವುದಕ್ಕೆ ಇಲಾಖೆಯಷ್ಟೇ ಕಾರಣ ಎಂದು ನಾನು ನಂಬುವುದಿಲ್ಲ.

ಇನ್ನೊಂದು ಕಡೆ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಹೆಸರಿನಲ್ಲಿ ರೆಕಾರ್ಡ್ ರೂಮುಗಳ ಹಾಳೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. 2024ರಲ್ಲಿ ಜಿಲ್ಲೆಗೊಂದರಂತೆ 31 ತಾಲ್ಲೂಕುಗಳಲ್ಲಿ ಶುರುವಾಗಿ ಈಗ ಎಲ್ಲೆಡೆಗೆ ಹಬ್ಬಿದೆ. ‘ಭೂಮಿ’ ಬಿಟ್ಟುಹೋಗಿದ್ದ ಗಂಟನ್ನು ಕಾಲು ಶತಮಾನದ ಮೇಲೆ ಬಿಚ್ಚುತ್ತಿದ್ದಾರೆ. ನನ್ನ ಮಟ್ಟಿಗೆ ಇದು ಪಹಣಿಯ ಗಣಕೀಕರಣಕ್ಕಿಂತ ದೊಡ್ಡ ಕೆಲಸ. ಸ್ಕ್ಯಾನ್ ಆದ ಹಾಳೆಯನ್ನು ತಿದ್ದಲಾಗದು, ಹರಿದು ಹಾಕಲಾಗದು, ‘ಲಭ್ಯವಿರುವುದಿಲ್ಲ’ ಎನ್ನಲಾಗದು; ಹಾಳೆ ಅಲ್ಲಿ ಇದ್ದಿದ್ದೇ ಆದರೆ.

ಆದರೆ ಕೊರಿಯಾ ಕೇಳಿಸಿದ ಪ್ರಶ್ನೆ ಇಲ್ಲೂ ಇದೆ: ಎರಡನೆಯ ಪ್ರತಿ ಯಾವ ಊರಲ್ಲಿ? ಎಸ್ಟೋನಿಯಾದ ಪ್ರಶ್ನೆಯೂ ಇದೆ: ತೆಗೆದು ನೋಡಿದವರ ಪಟ್ಟಿ ರೈತನಿಗೆ ಸಿಗುತ್ತದೆಯೇ? ಇವೆರಡಕ್ಕೂ ದುಡ್ಡು ಕೊಟ್ಟರೆ ಉತ್ತರ ಸಿಗುತ್ತದೆ. ಮೂರನೆಯದು ದುಡ್ಡಿಗೆ ಬಗ್ಗುವಂಥದ್ದಲ್ಲ: ಸೂಚಿ, ಅಂದರೆ ಯಾವ ಹಾಳೆ ಎಲ್ಲಿದೆ ಎಂದು ಹೇಳುವ ಪಟ್ಟಿ.

ಬುಕ್ಕಾಂಬುಧಿಯನ್ನೇ ನೋಡಿ. 1947ರವರೆಗೆ ಈ ಜಿಲ್ಲೆಯ ಹೆಸರು ಕಡೂರು, ಆಮೇಲೆ ಚಿಕ್ಕಮಗಳೂರು. ಊರು ತರೀಕೆರೆ ತಾಲ್ಲೂಕಿನಲ್ಲಿತ್ತು. ಹೊಸ ತಾಲ್ಲೂಕು ಆದ ಮೇಲೆ ಅಜ್ಜಂಪುರಕ್ಕೆ ಬಂತು. ಪಹಣಿ ಹುಡುಕುವವನು ಪರದೆಯಲ್ಲಿ ಮೊದಲು ತಾಲ್ಲೂಕು ಆರಿಸಬೇಕು. ಅವನು ಒತ್ತುವುದು ‘ಅಜ್ಜಂಪುರ’. 1950ರ ದಶಕದ ದರಖಾಸ್ತಿನ ಹಾಳೆಯ ಮೇಲಿರುವುದು ‘ತರೀಕೆರೆ’. ಅದಕ್ಕೂ ಹಿಂದಿನದರ ಮೇಲೆ ‘ಕಡೂರು ಡಿಸ್ಟ್ರಿಕ್ಟ್’. ಊರಿನ ಹೆಸರನ್ನು ಒಬ್ಬ ಗುಮಾಸ್ತ ‘ಧಿ’ ಎಂದು ಬರೆದಿದ್ದರೆ ಇನ್ನೊಬ್ಬ ‘ದಿ’ ಎಂದು ಬರೆದಿರಬಹುದು. ಜಮೀನು ಪೋಡಿಯಾಗಿ ತುಂಡಾದ ಮೇಲೆ ಸರ್ವೆ ನಂಬರಿಗೇ ಬಾಲ ಬೆಳೆದಿರುತ್ತದೆ. ಹಳೆಯ ಕಡತದಲ್ಲಿ ಆ ಬಾಲ ಇರುವುದಿಲ್ಲ. ಸೂಚಿಯಲ್ಲಿ ಇವೆಲ್ಲ ಒಂದಕ್ಕೊಂದು ಗಂಟು ಬೀಳದಿದ್ದರೆ, ಸ್ಕ್ಯಾನ್ ಆದ ಹಾಳೆ ಸರ್ವರಿನಲ್ಲಿ ಭದ್ರವಾಗಿಯೇ ಇರುತ್ತದೆ, ಯಾರಿಗೂ ಸಿಗದ ಹಾಗೆ. ಹಿಂಬರಹ ಮಾತ್ರ ಈಗ ಕಂಪ್ಯೂಟರಿನಿಂದ ಬರುತ್ತದೆ.

ಸ್ಕ್ಯಾನರಿಗೆ ಹಾಳೆ ಕೊಡುವ ಹುಡುಗರಿಗೆ ಕೈ ಚುರುಕು. ಆದರೆ ಶಾನುಭೋಗರ ಕೊಕ್ಕೆ ಅಕ್ಷರ, ‘ಸದರಿ’, ‘ಮಜಕೂರು’, ‘ಲಗತ್ತು’ಗಳ ನಡುವೆ ಅಡಗಿದ ಹಳೆಯ ಸರ್ವೆ ನಂಬರನ್ನು ಹೆಕ್ಕಿ ತೆಗೆಯುವ ಕಣ್ಣು ಇರುವುದು ಮೂವತ್ತು ವರ್ಷ ಆ ಕೋಣೆಯ ಧೂಳು ಕುಡಿದ ಶಿರಸ್ತೇದಾರರಿಗೆ, ರೆಕಾರ್ಡ್ ಕೀಪರುಗಳಿಗೆ. ಅವರಲ್ಲಿ ಬಹುಪಾಲು ನಿವೃತ್ತರಾಗಿ ತೋಟ ನೋಡಿಕೊಂಡಿದ್ದಾರೆ. ತಾಲ್ಲೂಕಿಗೆ ಇಬ್ಬರು ಮೂವರನ್ನು ಗೌರವಧನ ಕೊಟ್ಟು ಕರೆಸಿ ಸೂಚಿ ಮಾಡಿಸಿಕೊಳ್ಳಲು ದೊಡ್ಡ ಟೆಂಡರು ಬೇಕಿಲ್ಲ, ತಹಶೀಲ್ದಾರರ ಒಂದು ಫೋನು ಸಾಕು. ಅದನ್ನು ಈ ಮಳೆಗಾಲದೊಳಗೇ ಮಾಡಬೇಕು. ಕಡತಗಳ ಹಾಗೆ ಅವರಿಗೂ ವಯಸ್ಸಾಗುತ್ತಿದೆ.